ಪಟ್ಟಿ ಮೊದಲು, ಕೂಪನ್ ಆಮೇಲೆ: ಮನೆಗೆ ಸಾಮಾನು ತರುವವರಿಗೆ ಒಂದು ಬಹಿರಂಗ ಪತ್ರ

ಎಲ್ಲರಿಗೂ ನಮಸ್ಕಾರ.

ಮನೆಗೆ ಸಾಮಾನು ತರುವ ಜವಾಬ್ದಾರಿ ಯಾರ ತಲೆ ಮೇಲಿದೆಯೋ ಅವರಿಗೆ ಈ ಪತ್ರ. ಎಷ್ಟೋ ವರ್ಷಗಳಿಂದ ಆ ಕೆಲಸ ಮಾಡುತ್ತಾ ಬಂದವರು ಇರಬಹುದು. ಹೊಸದಾಗಿ ಮನೆ ಮಾಡಿ ಸೋಪು, ಪೊರಕೆ, ಬಕೆಟ್ಟು ಎಲ್ಲವನ್ನೂ ಮೊದಲ ಸಲ ಒಟ್ಟಿಗೆ ಕೊಂಡವರು ಇರಬಹುದು. ಕೊನೆಯಲ್ಲಿ ನಾಲ್ಕು ಮಾತು ಕೂಪನ್ ಕೊಡುವ ಅಂಗಡಿ, ಆ್ಯಪ್, ಕಂಪನಿಗಳವರಿಗೂ ಇದೆ. ಅವರೂ ಓದಬೇಕು ಅಂತ ನನ್ನ ಆಸೆ.

ನಾನು ಹೇಳಬೇಕಾಗಿರುವುದು ಇಷ್ಟೇ. ಕೂಪನ್ ಒಳ್ಳೆಯದೇ, ಬಳಸಿ. ಆದರೆ ಏನು ಕೊಳ್ಳಬೇಕು ಅನ್ನುವುದನ್ನು ಕೂಪನ್ ತೀರ್ಮಾನಿಸಬಾರದು. ಅದು ಮನೆಯಲ್ಲೇ ತೀರ್ಮಾನವಾಗಿರಬೇಕು, ಪಟ್ಟಿ ಬರೆದಾಗಿರಬೇಕು, ಆಮೇಲೆ ಆ ಪಟ್ಟಿಯಲ್ಲಿರುವ ಸಾಮಾನಿಗೆ ಕೂಪನ್ ಇದೆಯಾ ಅಂತ ಹುಡುಕಬೇಕು. ಈ ಕ್ರಮ ತಲೆಕೆಳಗಾದರೆ ಉಳಿತಾಯದ ಹೆಸರಲ್ಲೇ ಖರ್ಚು ಜಾಸ್ತಿಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿ ಬೇಸರವಾಗಿದೆ, ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ಮೊದಲು ಬಿಲ್ಲಿನ ಕೊನೆಯ ಸಾಲು ನೋಡಿ. ‘ಈ ಖರೀದಿಯಲ್ಲಿ ನೀವು ಉಳಿಸಿದ್ದು’ ಅಂತ ದಪ್ಪ ಅಕ್ಷರದಲ್ಲಿ ಒಂದು ಅಂಕಿ ಇರುತ್ತದೆ. ಅದು ಅಂಗಡಿಯ ಲೆಕ್ಕ. ಪೂರ್ತಿ ಬೆಲೆ ಕೊಟ್ಟು ಇವೆಲ್ಲವನ್ನೂ ಕೊಳ್ಳುತ್ತಿದ್ದಿರಿ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ. ಅದರಲ್ಲಿ ಅರ್ಧ ಸಾಮಾನನ್ನು ನೀವು ಕೊಳ್ಳುತ್ತಲೇ ಇರಲಿಲ್ಲ, ಅಲ್ವಾ? ಬೇಡದ ವಸ್ತುವನ್ನು ಅರ್ಧ ಬೆಲೆಗೆ ತಂದರೆ ಅರ್ಧ ಉಳಿಯಲಿಲ್ಲ, ಅರ್ಧ ಹೋಯಿತು. ನಿಜವಾದ ಉಳಿತಾಯ ಎಷ್ಟು ಅಂತ ಗೊತ್ತಾಗಬೇಕಾದರೆ ಬಿಲ್ ನೋಡಬೇಡಿ. ತಿಂಗಳ ಕೊನೆಯಲ್ಲಿ ಮನೆ ಸಾಮಾನಿಗೆ ಒಟ್ಟು ಎಷ್ಟು ಹೋಯಿತು ಅಂತ ನೋಡಿ, ಹಿಂದಿನ ಎರಡು ಮೂರು ತಿಂಗಳ ಜೊತೆ ಹೋಲಿಸಿ. ಕಮ್ಮಿಯಾಗಿದ್ದರೆ ಕೂಪನ್ ಕೆಲಸ ಮಾಡಿದೆ. ಇಲ್ಲದಿದ್ದರೆ ಇಲ್ಲ.

ಕೂಪನ್ ಯಾಕೆ ಕೊಡುತ್ತಾರೆ ಅನ್ನುವುದು ಗೊತ್ತಿದ್ದರೆ ಅರ್ಧ ಎಚ್ಚರ ತಾನಾಗೇ ಬರುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಕೋಕಾ-ಕೋಲಾ ಕಂಪನಿ ಒಂದು ಗ್ಲಾಸ್ ಪಾನೀಯ ಪುಕ್ಕಟೆ ಅಂತ ಚೀಟಿ ಹಂಚಿತು. ಕೂಪನ್ನಿನ ಇತಿಹಾಸ ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. 1894ರಿಂದ 1913ರ ನಡುವೆ ಸುಮಾರು 85 ಲಕ್ಷ ಗ್ಲಾಸ್ ಹೀಗೆ ಪುಕ್ಕಟೆ ಹೋಯಿತು ಅಂತ ಅಂದಾಜು. ಸುಮ್ನೆ ದಾನ ಅಲ್ಲ ಅದು. ಜನ ಒಂದು ಸಲ ರುಚಿ ನೋಡಲಿ, ಎರಡನೇ ಸಲ ದುಡ್ಡು ಕೊಟ್ಟು ಬರಲಿ ಅಂತ. ಇವತ್ತಿಗೂ ಹೊಸ ಶಾಂಪೂ, ಹೊಸ ಟೂತ್‌ಪೇಸ್ಟ್ ಬಂದಾಗ ಬರುವ ಕೂಪನ್ನಿನ ಉದ್ದೇಶ ಇದೇ. ಅದರಲ್ಲಿ ತಪ್ಪೇನಿಲ್ಲ, ಆದರೆ ಆ ಕೂಪನ್ ಮುಗಿದ ಮೇಲೆ ಪೂರ್ತಿ ಬೆಲೆಗೂ ಅದನ್ನೇ ಕೊಳ್ಳುತ್ತೇನಾ ಅಂತ ಮೊದಲೇ ಕೇಳಿಕೊಳ್ಳಬೇಕು.

ಇನ್ನೊಂದು ಕಾರಣ ಇದೆ, ಅದು ಇನ್ನೂ ಮುಖ್ಯ. ಒಂದೇ ಸಾಮಾನನ್ನು ಇಬ್ಬರಿಗೆ ಎರಡು ಬೆಲೆಗೆ ಮಾರಬೇಕು, ಆದರೆ ಯಾರಿಗೂ ಸಿಟ್ಟು ಬರಬಾರದು. ಹೇಗೆ? ಕೂಪನ್ ಕೊಟ್ಟರಾಯಿತು. ಬೆಲೆ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಹುಡುಕಿ, ಕತ್ತರಿಸಿ, ಕೋಡ್ ಹಾಕಿ ಕಮ್ಮಿಗೆ ಕೊಳ್ಳುತ್ತಾರೆ. ಪುರುಸೊತ್ತಿಲ್ಲದವರು ಪೂರ್ತಿ ಕೊಡುತ್ತಾರೆ. ಅರ್ಥಶಾಸ್ತ್ರದಲ್ಲಿ ಇದನ್ನು ಬೆಲೆ ತಾರತಮ್ಯ ಅನ್ನುತ್ತಾರೆ, ಚಕ್ರವರ್ತಿ ನರಸಿಂಹನ್ ಅನ್ನುವವರು 1984ರಲ್ಲೇ ಕೂಪನ್ನನ್ನು ಹೀಗೆ ವಿವರಿಸಿ ಬರೆದಿದ್ದಾರೆ. ಇದರಿಂದ ನಮಗೆ ತಿಳಿಯಬೇಕಾದದ್ದು ಏನೆಂದರೆ, ಕೂಪನ್ ಪುಕ್ಕಟೆ ಅಲ್ಲ. ಅದಕ್ಕೆ ನಾವು ಸಮಯ ಕೊಡುತ್ತೇವೆ. ಹಾಗಾಗಿ ಉಳಿಯುವ ಹಣ ನಾವು ಹಾಕುವ ಸಮಯಕ್ಕೆ ತಕ್ಕದ್ದಾ ಅನ್ನುವ ಪ್ರಶ್ನೆ ಪ್ರತಿ ಸಲವೂ ಕೇಳಬೇಕಾದ್ದೇ.

ಆ ಪ್ರಶ್ನೆಗೆ ನಾವು ಸರಿಯಾಗಿ ಉತ್ತರ ಕೊಡುವುದಿಲ್ಲ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. 1981ರಲ್ಲಿ ಏಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಅನ್ನುವ ಮನಃಶಾಸ್ತ್ರಜ್ಞರು, ಜನರಿಗೆ ಕೇಳಿದ ಒಂದು ಪ್ರಶ್ನೆಯನ್ನು ಪ್ರಕಟಿಸಿದರು. ನೀವು ಒಂದು ಕ್ಯಾಲ್ಕುಲೇಟರ್ ಕೊಳ್ಳಲು ಹೋಗಿದ್ದೀರಿ, 20 ನಿಮಿಷ ದೂರದ ಇನ್ನೊಂದು ಅಂಗಡಿಯಲ್ಲಿ 5 ಡಾಲರ್ ಕಮ್ಮಿಗೆ ಸಿಗುತ್ತದೆ, ಹೋಗುತ್ತೀರಾ? ಕ್ಯಾಲ್ಕುಲೇಟರ್ ಬೆಲೆ 15 ಡಾಲರ್ ಅಂದಾಗ 100ಕ್ಕೆ 68 ಜನ ಹೋಗುತ್ತೇವೆ ಅಂದರು. ಬೆಲೆ 125 ಡಾಲರ್ ಅಂದಾಗ 29 ಜನ ಮಾತ್ರ. ಉಳಿಯುವುದು ಅದೇ 5 ಡಾಲರ್, ಹೋಗಬೇಕಾದ ದೂರ ಅದೇ 20 ನಿಮಿಷ. ಬದಲಾಗಿದ್ದು ಶೇಕಡಾವಾರು ಲೆಕ್ಕ ಅಷ್ಟೇ. ನಾವು ಮಾಡುವುದೂ ಇದನ್ನೇ. ಒಂದು ಟೂತ್‌ಬ್ರಷ್ ಮೇಲೆ 50% ರಿಯಾಯಿತಿ ಅಂದರೆ ಕಣ್ಣರಳಿಸುತ್ತೇವೆ, ತಿಂಗಳ ದೊಡ್ಡ ಬಿಲ್ ಮೇಲೆ 4% ಅಂದರೆ ಅಷ್ಟೇನಾ ಅನ್ನುತ್ತೇವೆ. ಆ 4% ಎಷ್ಟೋ ಸಲ ಟೂತ್‌ಬ್ರಷ್ ಮೇಲೆ ಉಳಿಯುವುದಕ್ಕಿಂತ ಜಾಸ್ತಿ ಇರುತ್ತದೆ. ಶೇಕಡಾ ನೋಡಬೇಡಿ, ಕೈಗೆ ಎಷ್ಟು ಉಳಿಯಿತು ಅನ್ನುವ ಪೂರ್ತಿ ಅಂಕಿ ನೋಡಿ. ದೊಡ್ಡ ಖರ್ಚು ಎಲ್ಲಿದೆಯೋ ಅಲ್ಲಿ ಮೊದಲು ಕೂಪನ್ ಹುಡುಕಿ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹಣ ಸೋರಿಹೋಗುವುದು ಇಲ್ಲೇ. ನಾನು ಕೊಡುವ ಅಂಕಿಗಳೆಲ್ಲ ಉದಾಹರಣೆಗೆ, ನಿಮ್ಮಲ್ಲಿ ಯಾವ ಹಣ ನಡೆಯುತ್ತದೋ ಅದನ್ನೇ ಇಟ್ಟುಕೊಳ್ಳಿ.

ಒಂದು ಕೊಂಡರೆ ಒಂದು ಉಚಿತ ಅಂದರೆ 50% ರಿಯಾಯಿತಿ, ಆದರೆ ಎರಡೂ ಬೇಕಾಗಿದ್ದರೆ ಮಾತ್ರ. ಎರಡು ಕೊಂಡರೆ ಒಂದು ಉಚಿತ ಅಂದರೆ ಸುಮಾರು 33%. ಎರಡನೆಯದಕ್ಕೆ ಅರ್ಧ ಬೆಲೆ ಅಂದರೆ ಕೇಳಲು ಭಾರಿ ಅನಿಸುತ್ತದೆ, ಇರುವುದು 25% ಮಾತ್ರ. 50% ಜಾಸ್ತಿ ಪ್ರಮಾಣ ಅಂತ ಡಬ್ಬಿ ಮೇಲೆ ಬರೆದಿದ್ದರೆ ಅದು 50% ರಿಯಾಯಿತಿ ಅಲ್ಲ, 33% ಅಷ್ಟೇ. 50% ರಿಯಾಯಿತಿ, ಅದರ ಮೇಲೆ ಇನ್ನೂ 20% ಅಂದಾಗ 70% ಅಂತ ಮನಸ್ಸು ಕೂಡಿಸಿಬಿಡುತ್ತದೆ. 100ಕ್ಕೆ ಮೊದಲು 50 ಹೋಗುತ್ತದೆ, ಉಳಿದ 50ರಲ್ಲಿ 20% ಅಂದರೆ 10. ಒಟ್ಟು 60%. ಇದೂ ಒಳ್ಳೆಯ ರಿಯಾಯಿತಿಯೇ, ಆದರೆ 70 ಅಲ್ಲ.

ಎರಡು ಕೂಪನ್ ಒಟ್ಟಿಗೆ ಬಳಸಲು ಬಿಟ್ಟರೆ, ಒಂದು ಶೇಕಡಾ ಲೆಕ್ಕದ್ದು, ಇನ್ನೊಂದು ನಿಗದಿತ ಮೊತ್ತದ್ದು ಅಂತಾದರೆ, ಯಾವುದು ಮೊದಲು ಅನ್ನುವುದು ಮುಖ್ಯ. 100ರ ಸಾಮಾನು, 20% ಒಂದು ಕೂಪನ್, 10 ಕಡಿತದ್ದು ಇನ್ನೊಂದು ಅಂತ ಇಟ್ಟುಕೊಳ್ಳಿ. ಶೇಕಡಾ ಮೊದಲು ಹಾಕಿದರೆ 80 ಆಗುತ್ತದೆ, ಆಮೇಲೆ 10 ಕಳೆದರೆ 70. ತಿರುಗಿಸಿ ಹಾಕಿದರೆ 90, ಅದರ 20% ಅಂದರೆ 18 ಕಳೆದು 72. ಕೆಲವು ಕಡೆ ಕ್ರಮ ನಿಮ್ಮ ಕೈಯಲ್ಲಿರುತ್ತದೆ, ಕ್ಯಾಶ್ ಕೌಂಟರಿನಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ಕೇಳಲು ನಾಚಿಕೆ ಬೇಡ.

ಆ ‘ಗರಿಷ್ಠ’ ಅನ್ನುವ ಪದ ಇದೆಯಲ್ಲ, ಅದನ್ನು ತಪ್ಪದೆ ನೋಡಿ. 50% ರಿಯಾಯಿತಿ, ಗರಿಷ್ಠ 100 ಅಂತಿದ್ದರೆ 200ರ ಬಿಲ್ಲಿಗೆ ಅದು ನಿಜಕ್ಕೂ ಅರ್ಧ. 1000ದ ಬಿಲ್ಲಿಗೆ ಅದೇ ಕೂಪನ್ 10% ಆಗಿಬಿಡುತ್ತದೆ. ಇಂಥ ಕೂಪನ್ ಸಣ್ಣ ಬಿಲ್ಲಿಗೆ, ಮಿತಿ ಇಲ್ಲದ ಶೇಕಡಾ ಕೂಪನ್ ದೊಡ್ಡ ಬಿಲ್ಲಿಗೆ. ತಿಂಗಳ ದೊಡ್ಡ ಪಟ್ಟಿಗೆ ಯಾವುದನ್ನು ಎತ್ತಿಡಬೇಕು ಅನ್ನುವುದು ಇದರ ಮೇಲೆ ತೀರ್ಮಾನ ಮಾಡಿ.

ಇನ್ನು ‘500 ಅಥವಾ ಅದಕ್ಕಿಂತ ಜಾಸ್ತಿ ಕೊಂಡರೆ 100 ಕಡಿತ’ ಅನ್ನುವ ಥರದ್ದು. ಇದಕ್ಕೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಮಿತಿ ಮುಟ್ಟಲೆಂದು ಬೇಡದ್ದನ್ನು ಸೇರಿಸಬೇಡಿ ಅಂತ. ಅದು ಪೂರ್ತಿ ಸರಿಯಲ್ಲ. ಮಿತಿಯಿಂದ ರಿಯಾಯಿತಿ ಕಳೆಯಿರಿ, ಇಲ್ಲಿ 400 ಬಂತು. ನಿಮ್ಮ ಬಿಲ್ ಈಗಾಗಲೇ 400 ದಾಟಿದ್ದರೆ, 420 ಅಂತಿಟ್ಟುಕೊಳ್ಳಿ, 80ರ ಸಾಮಾನು ಸೇರಿಸಿದರೂ ನೀವು ಕೊಡುವುದು 400. ಸೇರಿಸದಿದ್ದರೆ 420. ಸೇರಿಸುವುದೇ ಲಾಭ, ಮುಂದಿನ ತಿಂಗಳು ಹೇಗೂ ಬೇಕಾಗುವ ಸೋಪೋ ಪಾತ್ರೆ ತೊಳೆಯುವ ಪುಡಿಯೋ ಸೇರಿಸಿಬಿಡಿ. ಆದರೆ ಬಿಲ್ 350 ಇದ್ದಾಗ 150 ಸೇರಿಸಿದರೆ ಕೈಯಿಂದ 50 ಜಾಸ್ತಿ ಹೋಗುತ್ತದೆ. ಆ 150ರ ಸಾಮಾನು ನಿಮಗೆ ಕನಿಷ್ಠ 50ರಷ್ಟಾದರೂ ಉಪಯೋಗಕ್ಕೆ ಬರುತ್ತದಾ ಅಂತ ಕೇಳಿಕೊಳ್ಳಿ. ಬಂದರೆ ಸರಿ. ಬರದಿದ್ದರೆ ಕೂಪನ್ ಬಿಟ್ಟು 350 ಕೊಟ್ಟು ಮನೆಗೆ ಬನ್ನಿ.

ಕ್ಯಾಶ್‌ಬ್ಯಾಕ್ ಬೇರೆ, ರಿಯಾಯಿತಿ ಬೇರೆ. 20% ರಿಯಾಯಿತಿ ಅಂದರೆ 100ರ ಸಾಮಾನಿಗೆ 80 ಕೊಟ್ಟು ಬರುತ್ತೀರಿ. 20% ಕ್ಯಾಶ್‌ಬ್ಯಾಕ್ ಅಂದರೆ ಇವತ್ತು 100 ಕೊಡುತ್ತೀರಿ, 20 ಸಾಮಾನ್ಯವಾಗಿ ಆ ಅಂಗಡಿಯಲ್ಲಿರುವ ನಿಮ್ಮ ಖಾತೆಗೆ ಬರುತ್ತದೆ, ಅದನ್ನು ಅಲ್ಲೇ ಖರ್ಚು ಮಾಡಬೇಕು. 100 ಕೊಟ್ಟು 120ರ ಸಾಮಾನು ಸಿಕ್ಕಂತಾಯಿತು, ಲೆಕ್ಕ ಹಾಕಿದರೆ 17%ಕ್ಕಿಂತ ಸ್ವಲ್ಪ ಕಮ್ಮಿಯೇ. ಅದೂ ಆ 20ನ್ನು ಅವಧಿಯೊಳಗೆ ಪೂರ್ತಿ ಬಳಸಿದರೆ. ಮರೆತರೆ ಸೊನ್ನೆ. ಎರಡೂ ಒಂದೇ ಶೇಕಡಾ ಅಂತಾದರೆ ಕಣ್ಣು ಮುಚ್ಚಿಕೊಂಡು ರಿಯಾಯಿತಿ ಆರಿಸಿ.

ಬಟ್ಟೆ ಒಗೆಯುವ ಪುಡಿಯ ಕಪಾಟಿನ ಮುಂದೆ ಒಂದು ನಿಮಿಷ ನಿಲ್ಲೋಣ. 200 ಗ್ರಾಂ ಪ್ಯಾಕೆಟ್ಟಿಗೆ 60, 500 ಗ್ರಾಂ ಪ್ಯಾಕೆಟ್ಟಿಗೆ 130 ಅಂತ ಬೆಲೆ ಇದೆ ಅನ್ನಿ. 100 ಗ್ರಾಂ ಲೆಕ್ಕಕ್ಕೆ ಸಣ್ಣದು 30, ದೊಡ್ಡದು 26. ದೊಡ್ಡದೇ ಅಗ್ಗ, ನಮ್ಮೆಲ್ಲರ ರೂಢಿಯೂ ದೊಡ್ಡದನ್ನೇ ಎತ್ತಿಕೊಳ್ಳುವುದು. ಈಗ ಕೈಯಲ್ಲಿ 20 ಕಡಿತದ ಕೂಪನ್ ಇದೆ, ಯಾವ ಅಳತೆಯ ಪ್ಯಾಕೆಟ್ಟಿಗಾದರೂ ನಡೆಯುತ್ತದೆ. ಸಣ್ಣದು 40ಕ್ಕೆ ಇಳಿಯಿತು, 100 ಗ್ರಾಂಗೆ 20 ಆಯಿತು. ದೊಡ್ಡದು 110ಕ್ಕೆ ಇಳಿಯಿತು, 100 ಗ್ರಾಂಗೆ 22. ಲೆಕ್ಕ ತಿರುಗಿಬಿಟ್ಟಿತು, ಸಣ್ಣ ಪ್ಯಾಕೆಟ್ಟೇ ಅಗ್ಗ. ನಿಗದಿತ ಮೊತ್ತದ ಕೂಪನ್ ಸಾಮಾನ್ಯವಾಗಿ ಸಣ್ಣ ಪ್ಯಾಕೆಟ್ಟಿನ ಮೇಲೇ ಜಾಸ್ತಿ ಲಾಭ ಕೊಡುತ್ತದೆ, ಅದಕ್ಕೇ ಎಷ್ಟೋ ಕೂಪನ್ನಿನಲ್ಲಿ ‘ಇಷ್ಟು ಗ್ರಾಂ ಮತ್ತು ಅದಕ್ಕಿಂತ ದೊಡ್ಡ ಪ್ಯಾಕ್‌ಗೆ ಮಾತ್ರ’ ಅಂತ ಬರೆದಿರುತ್ತಾರೆ. ಫೋನಿನಲ್ಲಿ ಕ್ಯಾಲ್ಕುಲೇಟರ್ ಇದೆ, ಬೆಲೆಯನ್ನು ತೂಕದಿಂದ ಭಾಗಿಸಲು ಹತ್ತು ಸೆಕೆಂಡು ಸಾಕು.

ಅದೇ ಕಪಾಟಿನ ಕೆಳಗಿನ ಸಾಲಿಗೂ ಬಗ್ಗಿ ನೋಡಿ. ಅಲ್ಲಿ ಜಾಹೀರಾತು ಇಲ್ಲದ, ಅಂಗಡಿಯದೇ ಹೆಸರಿನ ಪುಡಿ ಇರಬಹುದು. ಅದಕ್ಕೆ ಸಾಮಾನ್ಯವಾಗಿ ಕೂಪನ್ ಇರುವುದಿಲ್ಲ, ಆದರೆ ಎಷ್ಟೋ ಸಲ ಕೂಪನ್ ಹಾಕಿದ ದೊಡ್ಡ ಬ್ರ್ಯಾಂಡಿಗಿಂತ ಅದೇ ಅಗ್ಗ. ಕೂಪನ್ ಇರುವುದು ಹೆಚ್ಚಾಗಿ ಬೆಲೆ ಜಾಸ್ತಿ ಇರುವ ಬ್ರ್ಯಾಂಡಿಗೆ. ಅವರಿಗೆ ಇಳಿಸಲು ಜಾಗ ಇದೆ, ಅದಕ್ಕೇ ಇಳಿಸುತ್ತಾರೆ. ಹೋಲಿಸಬೇಕಾದದ್ದು ಕೂಪನ್ ಹಾಕಿದ ಬೆಲೆಯನ್ನು ಅದೇ ಸಾಮಾನಿನ ಹಳೇ ಬೆಲೆ ಜೊತೆಗಲ್ಲ, ಕಪಾಟಿನಲ್ಲಿರುವ ಅತಿ ಕಮ್ಮಿ ಬೆಲೆಯ, ನಿಮಗೆ ಒಗ್ಗುವ ಸಾಮಾನಿನ ಜೊತೆ.

ಹಳೇ ಬೆಲೆ ಅಂದಾಗ ನೆನಪಾಯಿತು. ಗೆರೆ ಹೊಡೆದು ಪಕ್ಕದಲ್ಲಿ ಹೊಸ ಬೆಲೆ ಬರೆದಿರುತ್ತಾರಲ್ಲ, ಆ ಗೆರೆ ಹೊಡೆದ ಬೆಲೆಗೆ ಆ ಸಾಮಾನು ಎಂದಾದರೂ ಮಾರಾಟವಾಗಿತ್ತಾ? ಇದನ್ನು ಪತ್ತೆ ಮಾಡಲು ಒಳ್ಳೆಯ ದಾರಿ, ನಾವೇ ಬೆಲೆ ಬರೆದಿಟ್ಟುಕೊಳ್ಳುವುದು. ಎಲ್ಲ ಸಾಮಾನಿಗೂ ಬೇಡ, ಅದು ಆಗುವ ಕೆಲಸವೂ ಅಲ್ಲ. ನಿಮ್ಮ ಮನೆಯಲ್ಲಿ ಪದೇ ಪದೇ ಕೊಳ್ಳುವ ಹದಿನೈದೋ ಇಪ್ಪತ್ತೋ ಸಾಮಾನು ಇರುತ್ತವೆ. ಅವುಗಳ ಹೆಸರು, ತೂಕ, ಬೆಲೆ, ತಾರೀಖು ಇಷ್ಟನ್ನು ಒಂದು ಸಣ್ಣ ಪುಸ್ತಕದಲ್ಲೋ ಫೋನಿನಲ್ಲೋ ಬರೆದಿಡಿ. ಕೆಲವು ತಿಂಗಳು ಕಳೆದರೆ ಯಾವುದು ಯಾವಾಗ ಇಳಿಯುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಪ್ಯಾಕೆಟ್ ಬೆಲೆ ಹಾಗೇ ಇದ್ದು ತೂಕ ಮಾತ್ರ ಸದ್ದಿಲ್ಲದೆ ಇಳಿದಿರುವುದೂ ಅದರಲ್ಲೇ ಸಿಕ್ಕಿಬೀಳುತ್ತದೆ. ಕೂಪನ್ ಬಗ್ಗೆ ನಾನು ಒಂದೇ ಒಂದು ಸಲಹೆ ಕೊಡಬೇಕು ಅಂದರೆ ಈ ಪುಸ್ತಕದ ಬಗ್ಗೆಯೇ ಹೇಳುತ್ತೇನೆ. ಕೂಪನ್ ಎಲ್ಲರಿಗೂ ಸಿಗುತ್ತದೆ, ಇದು ನಿಮ್ಮ ಬಳಿ ಮಾತ್ರ ಇರುತ್ತದೆ.

ಸರಿ, ಪುಟ್ಟ ಅಕ್ಷರದ ವಿಷಯ. ಕೂಪನ್ ಕೈಗೆ ಬಂದ ತಕ್ಷಣ ದೊಡ್ಡ ಅಕ್ಷರದ ಅಂಕಿಯನ್ನು ಬಿಟ್ಟು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ಮಾಡಿ. ಮೊದಲು ಕೊನೆಯ ತಾರೀಖು. ಆಮೇಲೆ ಯಾವ ಅಳತೆ, ಯಾವ ಬಗೆ ಅನ್ನುವುದು, ಯಾಕೆಂದರೆ ಒಂದೇ ಬ್ರ್ಯಾಂಡಿನ ನೀಲಿ ಡಬ್ಬಿಗೆ ನಡೆದು ಹಸಿರು ಡಬ್ಬಿಗೆ ನಡೆಯದಿರಬಹುದು. ಕನಿಷ್ಠ ಬಿಲ್ ಎಷ್ಟು, ಗರಿಷ್ಠ ರಿಯಾಯಿತಿ ಎಷ್ಟು. ಹೊಸ ಗ್ರಾಹಕರಿಗೆ ಮಾತ್ರವಾ? ಒಂದೇ ಸಲವಾ? ಈಗಾಗಲೇ ರಿಯಾಯಿತಿಯಲ್ಲಿರುವ ಸಾಮಾನಿಗೂ ನಡೆಯುತ್ತದಾ? ಇನ್ನೊಂದು ಕೂಪನ್ ಜೊತೆ ಸೇರಿಸಬಹುದಾ? ಆನ್‌ಲೈನ್ ಆದರೆ ಸಾಗಣೆ ಖರ್ಚು ಸೇರಿದ ಮೇಲೆ ಕೊನೆಯ ಮೊತ್ತ ಎಷ್ಟು? 50 ಕಡಿತ ಮಾಡಿ 60 ಸಾಗಣೆ ಹಾಕಿದರೆ ಏನು ಬಂತು? ಮತ್ತೆ ಹೆಚ್ಚಿನವರು ನೋಡದ ಒಂದು ಷರತ್ತು, ಸಾಮಾನು ವಾಪಸ್ ಕೊಟ್ಟರೆ ಏನಾಗುತ್ತದೆ ಅನ್ನುವುದು. 500ರ ಮಿತಿ ದಾಟಿ ರಿಯಾಯಿತಿ ಪಡೆದು, ಆಮೇಲೆ ಒಂದು ಸಾಮಾನು ವಾಪಸ್ ಕೊಟ್ಟು ಬಿಲ್ 500ಕ್ಕಿಂತ ಕೆಳಗೆ ಬಂದರೆ, ಕೊಟ್ಟ ರಿಯಾಯಿತಿಯನ್ನು ಮರಳಿ ಹಿಡಿದುಕೊಳ್ಳುವ ಅಂಗಡಿಗಳಿವೆ. ಬಳಸಿದ ಕೂಪನ್ನೂ ವಾಪಸ್ ಬರದಿರಬಹುದು.

ಕ್ಯಾಶ್ ಕೌಂಟರಿನಲ್ಲಿ ಕಂಪ್ಯೂಟರ್ ಪರದೆ ಮೇಲೆ ಕಣ್ಣಿರಲಿ. ಕೂಪನ್ ಕೊಟ್ಟಿದ್ದೀರಿ ಅಂದ ಮಾತ್ರಕ್ಕೆ ಅದು ಬಿಲ್ಲಿಗೆ ಬಂತು ಅಂತಲ್ಲ. ಬಾಗಿಲು ದಾಟುವ ಮೊದಲೇ ಬಿಲ್ ಓದಿ, ಬಿಟ್ಟುಹೋಗಿದ್ದರೆ ಸಮಾಧಾನದಿಂದ ಹೇಳಿ. ಕೌಂಟರಿನಲ್ಲಿರುವ ಹುಡುಗ ಹುಡುಗಿಯರು ಆ ನಿಯಮ ಮಾಡಿದವರಲ್ಲ, ಅವರ ಮೇಲೆ ರೇಗಬೇಡಿ. ಹಿಂದೆ ಸರತಿಯಲ್ಲಿ ನಿಂತವರೂ ಇದ್ದಾರೆ, ಹಾಗಾಗಿ ಕೂಪನ್‌ಗಳನ್ನು ಮೊದಲೇ ತೆಗೆದು ಕೈಯಲ್ಲಿಟ್ಟುಕೊಂಡು ಹೋಗಿ.

ಇನ್ನು ಪ್ರತಿ ಖರೀದಿಗೆ ಸಿಗುವ ಅಂಕಗಳು (ಪಾಯಿಂಟ್), ತುಂಬಿದರೆ ಏನಾದರೂ ಪುಕ್ಕಟೆ ಸಿಗುವ ಸ್ಟ್ಯಾಂಪ್ ಕಾರ್ಡುಗಳು. 2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಜೇವಿಯರ್ ಡ್ರೇಜ್ ಅನ್ನುವವರು ಒಂದು ಕಾರ್ ತೊಳೆಯುವ ಕೇಂದ್ರದಲ್ಲಿ ಮಾಡಿದ ಪ್ರಯೋಗದ ಬಗ್ಗೆ ಬರೆದರು. ಕೆಲವರಿಗೆ 8 ಸ್ಟ್ಯಾಂಪ್ ತುಂಬಿಸಬೇಕಾದ ಖಾಲಿ ಕಾರ್ಡ್ ಕೊಟ್ಟರು. ಇನ್ನು ಕೆಲವರಿಗೆ 10 ಸ್ಟ್ಯಾಂಪಿನ ಕಾರ್ಡ್ ಕೊಟ್ಟು ಅದರಲ್ಲಿ 2 ಮೊದಲೇ ಒತ್ತಿಕೊಟ್ಟರು. ಇಬ್ಬರಿಗೂ ಬಾಕಿ ಇದ್ದದ್ದು 8. ಆದರೆ ಖಾಲಿ ಕಾರ್ಡಿನವರಲ್ಲಿ 19% ಜನ ಪೂರ್ತಿ ಮಾಡಿದರೆ, 2 ಸ್ಟ್ಯಾಂಪ್ ಮೊದಲೇ ಇದ್ದವರಲ್ಲಿ 34% ಜನ ಮಾಡಿದರು. ಶುರುವಾಗಿದೆ, ಇನ್ನು ಸ್ವಲ್ಪವೇ ಉಳಿದಿದೆ ಅನ್ನುವ ಭಾವನೆ ಅಷ್ಟು ಜೋರು. ‘ಸೇರಿದ್ದಕ್ಕೆ 200 ಅಂಕ ಉಡುಗೊರೆ’ ಅಂತ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ. ಕಾರ್ಡ್ ತುಂಬಲೆಂದು ಒಂದೇ ಒಂದು ಸಾಮಾನೂ ಜಾಸ್ತಿ ಕೊಳ್ಳಬೇಡಿ. ಹೇಗೂ ಹೋಗುವ ಅಂಗಡಿಯಾದರೆ ಕಾರ್ಡ್ ಇಟ್ಟುಕೊಳ್ಳಿ, ಅಂಕ ಯಾವಾಗ ಮುಗಿಯುತ್ತದೆ ಅಂತ ಫೋನಿನಲ್ಲಿ ನೆನಪಿನ ಗಂಟೆ ಇಡಿ, ದೊಡ್ಡದಾಗಿ ಕೂಡಿಡಲು ಹೋಗದೆ ಆಗಾಗ ಖರ್ಚು ಮಾಡಿಬಿಡಿ. ಅಂಗಡಿಯವರು ನಾಳೆ ನಿಯಮ ಬದಲಿಸಿದರೆ ನಿಮ್ಮ ಅಂಕದ ಬೆಲೆ ಅರ್ಧವಾಗಬಹುದು, ಅದಕ್ಕೆ ಬ್ಯಾಂಕಿನ ಬಡ್ಡಿಯಂತೂ ಬರುವುದಿಲ್ಲ.

ಕೂಡಿಡುವ ಮಾತು ಬಂದಾಗ ಸಾಮಾನು ಕೂಡಿಡುವುದರ ಬಗ್ಗೆಯೂ ಹೇಳಬೇಕು. ಒಳ್ಳೆಯ ಕೂಪನ್ ಸಿಕ್ಕಾಗ ಕೆಡದ ಸಾಮಾನನ್ನು ನಾಲ್ಕು ತಿಂಗಳಿಗಾಗುವಷ್ಟು ತರುವುದು ಜಾಣತನವೇ. ಆದರೆ ಮನೆಯಲ್ಲಿ ಇಡಲು ಜಾಗ ಬೇಕು, ಪ್ಯಾಕೆಟ್ ಮೇಲಿನ ಕೊನೆಯ ತಾರೀಖಿನೊಳಗೆ ಮುಗಿಯಬೇಕು, ಮತ್ತು ಕೈಯಲ್ಲಿ ಹಣ ಇರಬೇಕು. ಸಾಲದ ಕಾರ್ಡಿನಲ್ಲಿ ತಂದು ಬಾಕಿ ಉಳಿಸಿಕೊಂಡರೆ ಕೂಪನ್ನಿನಲ್ಲಿ ಉಳಿದದ್ದು ಬಡ್ಡಿಗೆ ಹೋಗುತ್ತದೆ. ಇನ್ನೊಂದು, ಮನೆಯಲ್ಲಿ ರಾಶಿ ಇದ್ದರೆ ನಾವು ಧಾರಾಳವಾಗಿ ಬಳಸುತ್ತೇವೆ. ಆರು ಶಾಂಪೂ ಬಾಟಲಿ ಕಣ್ಣೆದುರಿಗಿದ್ದರೆ ಕೈಗೆ ಸುರಿದುಕೊಳ್ಳುವುದೂ ಜಾಸ್ತಿಯಾಗುತ್ತದೆ. ಒಂದನ್ನು ಹೊರಗಿಟ್ಟು ಉಳಿದದ್ದನ್ನು ಒಳಗಿಡಿ. ಅಂಗಡಿಯ ಕಪಾಟನ್ನೇ ಖಾಲಿ ಮಾಡಿಕೊಂಡು ಬರಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಅದೇ ಕೂಪನ್ ಹಿಡಿದು ನಿಮ್ಮಷ್ಟೇ ಅಗತ್ಯ ಇರುವವರು ಹಿಂದೆ ಬರುತ್ತಿರುತ್ತಾರೆ.

ಆನ್‌ಲೈನ್ ಕೊಳ್ಳುವವರಿಗೆ ಒಂದು ಸುಲಭದ ದಾರಿ. ಪಟ್ಟಿಯಲ್ಲಿರುವುದನ್ನು ಬುಟ್ಟಿಗೆ ಹಾಕಿ, ಹಣ ಕಟ್ಟದೆ ಒಂದು ರಾತ್ರಿ ಬಿಡಿ. ಎಷ್ಟೋ ಸಲ ಬಿಟ್ಟುಹೋದ ಬುಟ್ಟಿಗೆ ಅವರೇ ಕೂಪನ್ ಕಳಿಸುತ್ತಾರೆ. ಕಳಿಸದಿದ್ದರೂ ಬೆಳಿಗ್ಗೆ ನೋಡಿದಾಗ ಒಂದೆರಡು ಸಾಮಾನು ಬೇಡ ಅನಿಸುತ್ತದೆ, ಅದೇ ದೊಡ್ಡ ಉಳಿತಾಯ. ಪರದೆ ಮೇಲೆ ಸೆಕೆಂಡು ಎಣಿಸುತ್ತಾ ಓಡುವ ಗಡಿಯಾರ ಕಂಡರೆ ಹೆದರಬೇಡಿ. ಪುಟ ಮುಚ್ಚಿ ಮತ್ತೆ ತೆರೆಯಿರಿ, ಗಡಿಯಾರ ಮೊದಲಿನಿಂದ ಶುರುವಾದರೆ ಅದು ಸುಳ್ಳು ಗಡಿಯಾರ.

ಮೋಸದ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು, ಯಾಕೆಂದರೆ ಇದರಲ್ಲಿ ಹೆಚ್ಚಾಗಿ ಸಿಕ್ಕಿಬೀಳುವವರು ಕಷ್ಟಪಟ್ಟು ಒಂದೊಂದು ಕಾಸು ಉಳಿಸುವವರೇ. ದೊಡ್ಡ ಅಂಗಡಿಯ ವಾರ್ಷಿಕೋತ್ಸವ, ಎಲ್ಲರಿಗೂ ಉಚಿತ ವೋಚರ್, ಈ ಲಿಂಕ್ ಒತ್ತಿ, ಹತ್ತು ಜನರಿಗೆ ಕಳಿಸಿ ಅಂತ ಸಂದೇಶ ಬರುತ್ತದೆ. ಕಳಿಸಿದವರು ನಮ್ಮವರೇ ಆಗಿರುತ್ತಾರೆ, ಹಾಗಾಗಿ ನಂಬುತ್ತೇವೆ. ನಿಜವಾದ ಕೂಪನ್ ನಿಮ್ಮ ಬ್ಯಾಂಕ್ ಪಿನ್ ಕೇಳುವುದಿಲ್ಲ, ಫೋನಿಗೆ ಬಂದ ಒಟಿಪಿ ಹೇಳಿ ಅನ್ನುವುದಿಲ್ಲ, ಹತ್ತು ಜನರಿಗೆ ಕಳಿಸಿದರೆ ಮಾತ್ರ ತೆರೆದುಕೊಳ್ಳುತ್ತೇನೆ ಅನ್ನುವುದಿಲ್ಲ. ಅನುಮಾನ ಬಂದರೆ ಲಿಂಕ್ ಒತ್ತದೆ, ಅಂಗಡಿಯ ಆ್ಯಪ್ ಅಥವಾ ವೆಬ್‌ಸೈಟನ್ನು ನೀವೇ ತೆರೆದು ಅಲ್ಲಿ ಆ ಕೂಪನ್ ಇದೆಯಾ ನೋಡಿ. ಹಣ ಕೊಟ್ಟು ಕೂಪನ್ ಕೊಳ್ಳುವ ಗೋಜಿಗೆ ಹೋಗಬೇಡಿ, ಅದು ನಕಲಿಯಾಗಿದ್ದರೆ ಕೌಂಟರಿನಲ್ಲಿ ಮುಖ ಕೆಂಪಾಗುವುದು ನಿಮ್ಮದೇ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಅವರಿಗೆ ಕೂತು ಹೇಳಿ.

ಮೋಸ ಅಲ್ಲದಿದ್ದರೂ ಇನ್ನೊಂದು ಬೆಲೆ ಇದೆ. ಕೂಪನ್‌ಗೋಸ್ಕರ ಹೆಸರು, ಫೋನ್ ನಂಬರ್, ಹುಟ್ಟಿದ ದಿನ ಎಲ್ಲ ಕೊಡುತ್ತೇವೆ. ನಾವು ಏನು, ಎಷ್ಟು ದಿನಕ್ಕೊಮ್ಮೆ ಕೊಳ್ಳುತ್ತೇವೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ, ಮುಂದಿನ ಕೂಪನ್ ಅದನ್ನು ನೋಡಿಯೇ ಬರುತ್ತದೆ. ಕೂಪನ್‌ಗೆ ಅಂತಲೇ ಬೇರೆ ಇಮೇಲ್ ಇಟ್ಟುಕೊಳ್ಳಿ. ಹುಟ್ಟಿದ ದಿನ ಕಡ್ಡಾಯ ಅಲ್ಲದಿದ್ದರೆ ಬಿಡಿ. ಫೋನಿನ ಸಂಪರ್ಕ ಪಟ್ಟಿ ನೋಡಲು ಅನುಮತಿ ಕೇಳುವ ಕೂಪನ್ ಆ್ಯಪ್ ಬೇಡವೇ ಬೇಡ.

ಈಗ ಅಂಗಡಿಯವರಿಗೆ, ಕಂಪನಿಯವರಿಗೆ.

ಕೂಪನ್ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದು ಗೊತ್ತಿದೆ. ಅಮೆರಿಕದ ಜೆಸಿ ಪೆನ್ನಿ ಅನ್ನುವ ದೊಡ್ಡ ಅಂಗಡಿ ಸಂಸ್ಥೆ 2012ರಲ್ಲಿ ಕೂಪನ್‌ಗಳನ್ನು ಕೈಬಿಟ್ಟು, ಪ್ರತಿದಿನ ಒಂದೇ ನೇರ ಬೆಲೆ ಅಂತ ಶುರು ಮಾಡಿತು. ಆ ವರ್ಷ ಅವರ ಮಾರಾಟ ಸುಮಾರು ಕಾಲು ಭಾಗ ಬಿದ್ದುಹೋಯಿತು. ಆ ಬದಲಾವಣೆ ತಂದ ಮುಖ್ಯಸ್ಥ ರಾನ್ ಜಾನ್ಸನ್ 2013ರ ಏಪ್ರಿಲ್‌ನಲ್ಲಿ ಹೊರಬಿದ್ದರು, ಕೂಪನ್ ಮತ್ತೆ ಬಂತು. ಜನರಿಗೆ ಕೂಪನ್ ಇಷ್ಟ. ಹುಡುಕಿ ಕಮ್ಮಿಗೆ ತಂದೆ ಅನ್ನುವ ಖುಷಿ ಇದೆಯಲ್ಲ, ಅದು ನಿಜವಾದ ಖುಷಿ, ಅದನ್ನು ಯಾರೂ ಕಸಿದುಕೊಳ್ಳುವುದು ಬೇಡ. ಆ ಖುಷಿಯನ್ನು ನಂಬಿಕೊಂಡು ಬರುವವರಿಗೆ ನೇರವಾಗಿ ನಡೆದುಕೊಳ್ಳಿ ಅಂತ ಮಾತ್ರ ಕೇಳುತ್ತೇನೆ.

ರಿಯಾಯಿತಿ ಘೋಷಿಸುವಾಗ ಹಿಂದಿನ ನಿಜವಾದ ಬೆಲೆ ತೋರಿಸಿ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಬೆಲೆ ಇಳಿಸಿದ್ದೇವೆ ಅಂತ ಹೇಳುವವರು ಸಾಮಾನ್ಯವಾಗಿ ಅದಕ್ಕೆ ಹಿಂದಿನ ಕನಿಷ್ಠ 30 ದಿನಗಳಲ್ಲಿ ಇದ್ದ ಅತಿ ಕಮ್ಮಿ ಬೆಲೆಯನ್ನೂ ಹೇಳಬೇಕು. ಕಾನೂನು ಹೇಳದ ಕಡೆಯೂ ಇದನ್ನು ಮಾಡಲು ಯಾರ ಅಡ್ಡಿಯೂ ಇಲ್ಲ. ಪ್ರತಿ ಸಾಮಾನಿನ ಕೆಳಗೆ 100 ಗ್ರಾಂಗೆ ಇಷ್ಟು, ಲೀಟರಿಗೆ ಇಷ್ಟು ಅಂತ ಓದಲು ಬರುವ ಅಕ್ಷರದಲ್ಲಿ ಬರೆಯಿರಿ. ಅಂಕಗಳ ಅವಧಿ ಮುಗಿಯುವ ಮುಂಚೆ, ಕನಿಷ್ಠ ಎರಡು ವಾರ ಇರುವಾಗ, ಒಂದು ಸಂದೇಶ ಕಳಿಸಿ. ಅಂಗಡಿಗೆ ಬನ್ನಿ ಅಂತ ದಿನಾ ಸಂದೇಶ ಕಳಿಸುವವರಿಗೆ ಇದೇನು ಕಷ್ಟವಲ್ಲ.

ಮತ್ತೊಂದು ಮಾತು ಸ್ಮಾರ್ಟ್‌ಫೋನ್ ಇಲ್ಲದವರ ಪರವಾಗಿ. ಕಡಿಮೆ ಬೆಲೆ ಈಗ ಆ್ಯಪ್ ಇದ್ದವರಿಗೆ ಮಾತ್ರ ಅನ್ನುವ ಹಾಗೆ ಆಗುತ್ತಿದೆ. ಹಣ ಉಳಿಸುವ ಅಗತ್ಯ ಎಲ್ಲರಿಗಿಂತ ಜಾಸ್ತಿ ಇರುವ ಮನೆಗಳಲ್ಲೇ ಕೆಲವು ಕಡೆ ಆ ಫೋನ್ ಇಲ್ಲ, ಇದ್ದರೂ ಬಳಸಲು ಬರದ ಹಿರಿಯರಿದ್ದಾರೆ. ಕೌಂಟರಿನಲ್ಲೇ ಒಂದು ಕಾಗದದ ಚೀಟಿ ಇಡಿ, ಕೇಳಿದವರಿಗೆ ಅದೇ ರಿಯಾಯಿತಿ ಕೊಡಿ. ಆ ಬೆಲೆಗೆ ಮಾರಿದರೂ ನಿಮಗೆ ನಷ್ಟವಿಲ್ಲ ಅನ್ನುವುದು ಆ್ಯಪ್‌ನವರಿಗೆ ಮಾರುವಾಗಲೇ ಗೊತ್ತಾಗಿದೆಯಲ್ಲ.

ಕೊನೆಯದಾಗಿ, ಷರತ್ತುಗಳನ್ನು ರಿಯಾಯಿತಿಯ ಅಂಕಿಯ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಅಚ್ಚು ಹಾಕಿಸಿ. ಉಳಿದ ಬೇಡಿಕೆಗಳಿಗೆ ಸಭೆ, ಅನುಮತಿ, ತಂತ್ರಾಂಶ ಎಲ್ಲ ಬೇಕಾಗಬಹುದು, ಸಮಯ ತೆಗೆದುಕೊಳ್ಳಿ. ಇದೊಂದನ್ನು ಮುಂದಿನ ಕೂಪನ್ನಿನಲ್ಲೇ ಮಾಡಬಹುದು.

ಇಂತಿ ನಿಮ್ಮ,
ಮನೆಯ ಖರ್ಚಿನ ಲೆಕ್ಕ ಬರೆಯುವ ಒಬ್ಬ ಗ್ರಾಹಕಿ